ಹೊಸ ಫೋರ್ಕ್ ತಿಂದ ಬೈಗುಳ

ಇದನ್ನು ನನಗೆ ಮೊದಲು ಹೇಳಿದವರು ನಮ್ಮ ಸುಗುಣತ್ತೆ. ಮದುವೆಯಾದಾಗಿನಿಂದ ಮಾವನ ಬೈಕಿನ ಹಿಂದಿನ ಸೀಟಿನಲ್ಲೇ ಕೂತವರು.

ಡಾಂಬರಿಗೂ ಕಾಡುದಾರಿಗೂ ಒಗ್ಗಿದ್ದ ಹಳೆಯ ಬೈಕೊಂದಕ್ಕೆ ಮುಂದೆ, ಚಕ್ರದ ಪೆಟ್ಟು ತಾಳುವ ಹೊಸ ಫೋರ್ಕ್ ಬಂತು. ಗುಂಡಿಗಳು ಸವಾರನ ಕೈಗೆ ತಿಳಿಯದಂತಾದವು. ಅವನು ವೇಗ ಹೆಚ್ಚಿಸಿದ.

"ಗುಂಡಿಗಳೆಲ್ಲ ಎಲ್ಲಿ ಹೋದವು, ಅಜ್ಜಾ?" ಎಂದು ಫೋರ್ಕ್ ಬೀಗಿತು.

"ನನ್ನ ಹತ್ತಿರವೇ ಬರುತ್ತಿವೆ, ಮಗೂ," ಎಂದಿತು ಹಿಂದಿನ ಹಳೆಯ ಶಾಕ್ ಅಬ್ಸಾರ್ಬರ್. "ನೀನು ದಾಟಿದ್ದನ್ನು ನಾನಿನ್ನೂ ದಾಟಬೇಕು. ಹೀಗೇ ಓಡಿದರೆ ಮುರಿದುಹೋಗುತ್ತೇನೆ."

ಮುಂದಿನ ಗುಂಡಿಯಲ್ಲಿ ಫೋರ್ಕ್ ಬೇಕೆಂದೇ ಒಂದಿಷ್ಟು ಪೆಟ್ಟನ್ನು ಹ್ಯಾಂಡಲ್‌ಗೆ ಬಿಟ್ಟುಕೊಟ್ಟಿತು. "ಹೊಸದೂ ಇಷ್ಟೇನಾ!" ಎಂದು ಸವಾರ ಬೈದು ವೇಗ ಇಳಿಸಿದ.

"ನನಗೋಸ್ಕರ ಬೈಸಿಕೊಂಡೆಯಲ್ಲೋ, ಮಗೂ!"

"ಇರಲಿ ಬಿಡಜ್ಜ. ನೀನು ಹುಷಾರಾಗಿ ದಾಟಿದೆಯಾ?"

ನಿಮ್ಮ ಮನೆಯಲ್ಲಿ ಮುಂದೆ ಕೂತು ಗಾಡಿ ಓಡಿಸುವವರಿಗೂ ಇದನ್ನೊಮ್ಮೆ ಹೇಳಿ.