ಹದಿನೈದು ಆಹಾ

ಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಗೀಜಗ ಮೇಷ್ಟ್ರು ಮರಿಗಳಿಗೆ ಗೂಡು ಹೆಣೆಯುವ ಪಾಠ ಹೇಳುತ್ತಿದ್ದರು. ಮಳೆಗೆ ಮುಂಚೆ ಎಲ್ಲರ ಗೂಡೂ ಮುಗಿಯಬೇಕಿತ್ತು. ಶಿಷ್ಯರಲ್ಲೆಲ್ಲ ಚುರುಕಾದವನು ಚಿಗುರ. ಅವನು ಮೊದಲ ಗಂಟು ಹಾಕಿದವನೇ ಎದುರಿನ ಮೊಬೈಲ್ ಟವರಿಗೆ ಹಾರಿ, ಅಲ್ಲಿದ್ದ ಹದಿನೈದು ಮೈನಾಗಳನ್ನು ಕೇಳಿದ: "ನನ್ನ ಗಂಟು ಹೇಗಿದೆ?"

"ಆಹಾ!" ಎಂದವು ಮೈನಾಗಳು.

ಅಂದಿನಿಂದ ಒಂದು ಎಳೆ ಹೆಣೆಯುವುದು, ಟವರಿಗೆ ಹಾರುವುದು, ಇದೇ ಅವನ ಕೆಲಸವಾಯಿತು. ಒಂದು ದಿನ ಹನ್ನೆರಡು ಮೈನಾಗಳು ಮಾತ್ರ ಆಹಾ ಎಂದವು. ಚಿಗುರ ಬಂದು ಹೆಣೆದದ್ದನ್ನೆಲ್ಲ ಬಿಚ್ಚಿಹಾಕಿದ.

"ಯಾಕಪ್ಪಾ ಬಿಚ್ಚಿದೆ? ಗಟ್ಟಿಯಾಗಿತ್ತಲ್ಲ!" ಎಂದರು ಮೇಷ್ಟ್ರು.

"ಮೂರು ಆಹಾ ಕಡಿಮೆ ಬಿತ್ತು, ಮೇಷ್ಟ್ರೇ."

"ಗಂಟನ್ನು ಎಳೆದು ನೋಡಬೇಕು ಕಣಪ್ಪಾ, ಊರಿಗೆಲ್ಲ ತೋರಿಸಿ ಕೇಳಬಾರದು."

ಚಿಗುರ ಅಷ್ಟರಲ್ಲಾಗಲೇ ಟವರಿನತ್ತ ಹಾರಿದ್ದ.

ಮಳೆ ಬಂತು. ಜೊತೆಯವರೆಲ್ಲ ಗೂಡು ಹೊಕ್ಕರು. ಚಿಗುರನ ಕೊಂಬೆಯಲ್ಲಿ ತೂಗುತ್ತಿದ್ದದ್ದು ಬಳೆಯಂಥ ಒಂದು ಹುಲ್ಲಿನ ಸುತ್ತು ಮಾತ್ರ. ನೆನೆದು ತೊಪ್ಪೆಯಾದ ಅವನು, ಟವರಿನ ತಗಡಿನಡಿ ಬೆಚ್ಚಗೆ ಕೂತ ಮೈನಾಗಳತ್ತ ಕೂಗಿದ: "ಅಣ್ಣಂದಿರಾ, ನಾನಿಲ್ಲಿ ನೆನೆಯುತ್ತಿದ್ದೇನೆ!"

"ಆಹಾ!" ಎಂದವು ಮೈನಾಗಳು. ಈ ಸಲ ಹದಿನೈದೂ.