ಪೇಟೆ ಕಂಡು ಬಂದ ಬದನೆಕಾಯಿ

ನಾನು ಬೆಳೆದ ಬದನೆ ಗಿಡದಲ್ಲಿ ಏಣಿ ಹಾಕಿಯೇ ಕಾಯಿ ಕೀಳಬೇಕಿತ್ತು; ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ಒಂದು ದಿನ ತುದಿಯ ಕಾಯಿ, "ಅಕ್ಕಾ, ಈ ಮನೆಯ ಸಾರಿಗೆ ಬೀಳುವವಳಲ್ಲ ನಾನು. ಪೇಟೆಗೆ ಹೋಗಿ ದೊಡ್ಡವರ ಎಲೆ ಸೇರುತ್ತೇನೆ" ಎಂದಿತು.

ಬೀಜಕ್ಕೆಂದು ಬಿಟ್ಟಿದ್ದ ಬುಡದ ಕಾಯಿ, "ಹೋಗಿ ಬಾರಮ್ಮ" ಎಂದಿತು.

"ಬರುವ ಮಾತೇಕೆ? ಹೋಗು ಅನ್ನು, ಸಾಕು!"

ಲಾರಿ ಹತ್ತಿತು. ಪೇಟೆಯ ಮಂಡಿಯಲ್ಲಿ ಮೂರು ಕೈ ದಾಟಿ, ಮತ್ತೊಂದು ಲಾರಿ ಹತ್ತಿ, ನಾಲ್ಕನೇ ದಿನ ಬಾಡಿಹೋಗಿ ನಮ್ಮೂರ ಅಂಗಡಿಗೇ ಬಂದು ಬಿತ್ತು. ನನ್ನ ಸೊಸೆ ಪುಟ್ಟಗೌರಿ, "ಮಾವ, ಪೇಟೆ ಬದನೆಕಾಯಿ!" ಎಂದು ಹಿಗ್ಗುತ್ತಾ ಕೊಂಡು ತಂದಳು.

"ಬಂದೆಯಾ ತಂಗೀ? ದೊಡ್ಡವರು ಸಿಕ್ಕರಾ?" ಹಿತ್ತಲಿಂದ ಅಕ್ಕ ಕೇಳಿತು.

ಅಷ್ಟರಲ್ಲಿ ಸಾರು ಕುದಿಯಿತು. ಸಿಗದೆ ಏನು? ಬಡಿಸಿದ್ದು ನನ್ನ ಎಲೆಗೇ ತಾನೆ!