ಐದು ಲಕ್ಷ ಸಾಲಿನ ತಿದ್ದುಪಡಿ

ನಿಘಂಟು ಕಚೇರಿಯ ಸಂಪಾದಕ ತ್ರಿಯಂಬಕಯ್ಯನವರು ಗುಮಾಸ್ತೆ ಪದ್ಮಾಕ್ಷಿಯ ಮುಂದೆ ಕಾಗದ ಹಿಡಿದರು. "ತೀರಿಹೋದ ವೀರಣ್ಣ ಮೇಷ್ಟ್ರ ನಿಘಂಟನ್ನ ಪೂರ್ತಿ ತಿದ್ದಿದೀನಿ. ಪರಿಶೀಲಿಸಿದೆ ಅಂತ ಸಹಿ ಹಾಕಮ್ಮ."

"ಹಳೇದು ಹೊಸದು ಹೋಲಿಸಿ ನೋಡದೆ ಹೇಗೆ ಸಾರ್?"

"ಐದು ಲಕ್ಷ ಸಾಲು! ಓದೋಕೆ ಒಂದು ಜನ್ಮ ಸಾಲದು. ಸಹಿ ಹಾಕು, ಇಲ್ಲ ಕೆಲಸ ಬಿಡು."

"ಕಾಫಿ ಕುಡಿದು ಹಾಕ್ತೀನಿ ಸಾರ್."

ಪದ್ಮಾಕ್ಷಿ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಆಜ್ಞೆ ಟೈಪ್ ಮಾಡಿದಳು. ಎರಡು ಕಡತಗಳಲ್ಲಿ ಬೇರೆಬೇರೆಯಾಗಿರುವ ಸಾಲುಗಳನ್ನಷ್ಟೇ ಅದು ಹೆಕ್ಕಿ ತೋರಿಸುತ್ತದೆ. ಕಾಫಿ ಆರುವ ಮೊದಲೇ ಉತ್ತರ ಬಂತು. ಬದಲಾಗಿದ್ದು ಒಂದೇ ಸಾಲು. ಮೊದಲ ಪುಟದಲ್ಲಿ ಮೇಷ್ಟ್ರ ಹೆಸರು ಹೋಗಿ ಸಂಪಾದಕರ ಹೆಸರು ಬಂದಿತ್ತು.

ಪರದೆ ನೋಡಿದ ತ್ರಿಯಂಬಕಯ್ಯನವರು ಇಂಗು ತಿಂದ ಮಂಗನಂತಾದರು.

ಪದ್ಮಾಕ್ಷಿ ದನಿ ತಗ್ಗಿಸಿದಳು. "ಹೊಸ ನಿಘಂಟಲ್ಲಿ ಒಂದೇ ಒಂದು ತಪ್ಪಿದೆ ಸಾರ್. ಯಾರೂ ನೋಡೋ ಮೊದಲು ತಿದ್ದಿಬಿಡ್ಲಾ?"